ಹಳೇ ಇಂಕ್ ಪೆನ್ನು: ಯಾವುದನ್ನು ಆರಿಸಿಕೊಳ್ಳುವುದು, ಯಾವುದಕ್ಕೆ ಕೈ ಹಾಕುವುದು

ಹಳೇ ಇಂಕ್ ಪೆನ್ನಿನ ವಿಚಾರ ಬಂದಾಗಲೆಲ್ಲ ಎರಡು ಪ್ರಶ್ನೆ ಎದುರಾಗುತ್ತವೆ. "ಬೀರುವಿನಲ್ಲಿ ತಾತನ ಪೆನ್ನು ಸಿಕ್ಕಿದೆ. ಇದು ಯಾವುದು, ಇದರಲ್ಲಿ ಮತ್ತೆ ಬರೆಯಬಹುದಾ?" ಅನ್ನುವುದು ಒಂದು. "ನನಗೂ ಒಂದು ಹಳೇ ಪೆನ್ನು ಬೇಕು. ಪಾರ್ಕರ್, ಶೇಫರ್, ಪೆಲಿಕನ್ ಅಂತ ಹೆಸರು ಕೇಳಿ ಕೇಳಿ ತಲೆ ಕೆಟ್ಟಿದೆ. ಯಾವುದು ತಗೊಳ್ಳಲಿ?" ಅನ್ನುವುದು ಇನ್ನೊಂದು.

ಎರಡಕ್ಕೂ ನಾನು ಹೇಳುವುದು ಒಂದೇ. ಪೆನ್ನಿನ ಮೇಲಿನ ಹೆಸರನ್ನು ಆಮೇಲೆ ನೋಡಿ. ಅದು ಇಂಕನ್ನು ಒಳಗೆ ತಗೊಳ್ಳುವುದು ಹೇಗೆ ಅಂತ ಮೊದಲು ನೋಡಿ. ಪೆನ್ನು ಬದುಕುತ್ತದಾ, ರಿಪೇರಿಗೆ ಎಷ್ಟು ಖರ್ಚು, ಮನೆಯಲ್ಲೇ ಮಾಡಬಹುದಾ ಅನ್ನುವುದನ್ನೆಲ್ಲ ತೀರ್ಮಾನಿಸುವುದು ಆ ಒಳಗಿನ ವ್ಯವಸ್ಥೆ. ಹೊಳಪು ನೋಡಿ ಕೊಂಡವರು ಆಮೇಲೆ ಪರದಾಡುವುದು ಇದೇ ಕಾರಣಕ್ಕೆ.

ಯಾವುದರಿಂದ ಅಳೆಯಬೇಕು

ಒಳಗೆ ಹಾಳಾಗುವ ವಸ್ತು ಏನಿದೆ ಅನ್ನುವುದು ಮೊದಲ ಅಳತೆ. ಹಳೇ ಪೆನ್ನುಗಳಲ್ಲಿ ಹೆಚ್ಚಿನವಕ್ಕೆ ಇಂಕು ಹಿಡಿಯುವ ಲೇಟೆಕ್ಸ್ ರಬ್ಬರಿನ ಟ್ಯೂಬು ಇರುತ್ತದೆ. ಹತ್ತಾರು ವರ್ಷ ಸುಮ್ಮನೆ ಬಿದ್ದಿದ್ದರೆ ಅದು ಗಟ್ಟಿಯಾಗಿ ಪುಡಿಯಾಗುತ್ತದೆ, ಇಲ್ಲವೇ ಅಂಟಂಟಾಗಿ ಕರಗುತ್ತದೆ. ಕೆಲವು ಪೆನ್ನುಗಳಲ್ಲಿ ರಬ್ಬರಿನ ಜಾಗದಲ್ಲಿ ಬೇರೆ ವಸ್ತು ಇದೆ, ಅವು ಇವತ್ತಿಗೂ ಚೆನ್ನಾಗಿವೆ. ಇನ್ನು ಕೆಲವಕ್ಕೆ ಹಾಳಾಗುವ ಭಾಗವೇ ಇಲ್ಲ.

ಬದಲಿ ಭಾಗ ಸಿಗುತ್ತದಾ ಅನ್ನುವುದು ಅದರ ಜೊತೆಗೇ ಬರುತ್ತದೆ. ರಬ್ಬರ್ ಟ್ಯೂಬು ಇವತ್ತಿಗೂ ಹೊಸದಾಗಿ ತಯಾರಾಗುತ್ತದೆ. ಕ್ಯಾಪು, ಬ್ಯಾರೆಲ್ಲು ಬೇಕಾದರೆ ಇನ್ನೊಂದು ಹಳೇ ಪೆನ್ನನ್ನೇ ಬಿಚ್ಚಬೇಕು.

ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವುದು ಇನ್ನೊಂದಕ್ಕೆ: ಕೈ ತಪ್ಪಿದರೆ ಮತ್ತೆ ಸರಿಮಾಡಲು ಆಗುತ್ತದಾ? ಟ್ಯೂಬು ತಪ್ಪಾಗಿ ಕೂರಿಸಿದರೆ ಕಿತ್ತು ಮತ್ತೆ ಕೂರಿಸಬಹುದು. ಬ್ಯಾರೆಲ್ಲು ಸೀಳಿದರೆ ಮುಗಿಯಿತು.

ಆಮೇಲೆ ಕೈಬರಹ. ಕನ್ನಡ ಬರೆಯುವವರು ಇದನ್ನು ಮರೆಯಬಾರದು. ನಮ್ಮ ಅಕ್ಷರಗಳೆಲ್ಲ ದುಂಡಗೆ, ಒಳಗೆ ಸಣ್ಣ ಸಣ್ಣ ಸುಳಿ, ಕೆಳಗೆ ಒತ್ತಕ್ಷರ. ಅಗಲವಾದ ನಿಬ್ಬಿನಲ್ಲಿ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ 'ಕ್ಷ್ಮ' ಅಂತ ಬರೆದು ನೋಡಿ. ಸುಳಿಯೆಲ್ಲ ಇಂಕು ತುಂಬಿ ಮುಚ್ಚಿಹೋಗುತ್ತದೆ. ದಿನಾ ಕನ್ನಡ ಬರೆಯಲು ತೆಳು ನಿಬ್ಬೇ ಸರಿ. ಸಹಿ ಹಾಕಲು, ದೊಡ್ಡ ಅಕ್ಷರದಲ್ಲಿ ಕಾಗದ ಬರೆಯಲು ಬೇಕಾದರೆ ಮಧ್ಯಮ.

ದುಡ್ಡನ್ನು ಕೊನೆಗೆ ಲೆಕ್ಕ ಹಾಕಿ, ಆದರೆ ಪೂರ್ತಿ ಹಾಕಿ. ಪೆನ್ನಿನ ಬೆಲೆ, ಭಾಗದ ಬೆಲೆ, ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು ಮತ್ತು ಸುಂಕ, ರಿಪೇರಿಯವರ ಕೂಲಿ. ಒಂದೇ ಒಂದು ರಬ್ಬರ್ ಟ್ಯೂಬು ತರಿಸಿದರೆ ಟ್ಯೂಬಿಗಿಂತ ಅಂಚೆಗೇ ಜಾಸ್ತಿ ಆಗುತ್ತದೆ.

ಕೈಯಲ್ಲಿರುವುದು ಯಾವ ಪೆನ್ನು?

ಏನನ್ನೂ ತಿರುಗಿಸುವ ಮೊದಲು ಬೆಳಕಿನಲ್ಲಿ ಹಿಡಿದು ನೋಡಿ. ಕ್ಯಾಪಿನ ಅಂಚು, ಕ್ಲಿಪ್ಪು, ಬ್ಯಾರೆಲ್ಲಿನ ಮೈ, ನಿಬ್ಬು, ಈ ನಾಲ್ಕು ಕಡೆ ಅಕ್ಷರ ಇರುತ್ತದೆ. ಸವೆದುಹೋಗಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ನಿಬ್ಬಿನ ಮೇಲೆ 14ಕೆ ಅಂತ ಇದ್ದರೆ ಚಿನ್ನ. 'ಇರಿಡಿಯಂ ಪಾಯಿಂಟ್' ಅಂತಷ್ಟೇ ಇದ್ದರೆ ಬಹುಮಟ್ಟಿಗೆ ಸ್ಟೀಲು.

ಈಗ ಒಳಗಿನ ವ್ಯವಸ್ಥೆ. ಬ್ಯಾರೆಲ್ಲಿನ ಬದಿಯಲ್ಲಿ ಎತ್ತುವ ಸಣ್ಣ ಲೋಹದ ಪಟ್ಟಿ ಇದ್ದರೆ ಅದು ಲಿವರ್ ಪೆನ್ನು. ಅದನ್ನು ಎತ್ತಲು ಹೋಗಬೇಡಿ, ಕಾರಣ ಮುಂದೆ ಹೇಳುತ್ತೇನೆ. ಹಿಂದಿನ ತುದಿ ತಿರುಗಿಸಿದಾಗ ಒಳಗೆ ಏನೋ ಮೇಲೆ ಕೆಳಗೆ ಹೋಗುತ್ತಿದ್ದರೆ ಪಿಸ್ಟನ್. ಹಿಂದಿನ ತುದಿ ಸಣ್ಣ ಮುಚ್ಚಳದಂತೆ ಬಿಚ್ಚಿಕೊಂಡು, ಒಳಗೆ ಗುಂಡಿಯಂಥದ್ದು ಕಂಡರೆ ಪಾರ್ಕರ್ ವ್ಯಾಕ್ಯುಮ್ಯಾಟಿಕ್ ಇರಬಹುದು. ಅದೇ ತುದಿಯ ಜೊತೆ ಉದ್ದದ ಲೋಹದ ಕೊಳವೆ ಹೊರಗೆ ಬಂದರೆ ಶೇಫರ್ ಟಚ್‌ಡೌನ್ ಅಥವಾ ಸ್ನಾರ್ಕಲ್. ಬ್ಯಾರೆಲ್ಲು ಬಿಚ್ಚಿದಾಗ ಲೋಹದ ಗೂಡಿನೊಳಗೆ ಟ್ಯೂಬು, ಒತ್ತಲು ಒಂದು ಪಟ್ಟಿ ಕಂಡರೆ ಒತ್ತಿ ತುಂಬುವ ಪೆನ್ನು. ಬಿಚ್ಚಿದಾಗ ಏನೂ ಇಲ್ಲದೆ ಖಾಲಿ ಬ್ಯಾರೆಲ್ಲು ಮಾತ್ರ ಇದ್ದರೆ, ಫಿಲ್ಲರಿನಲ್ಲಿ ಇಂಕು ಹಾಕುವ ನಮ್ಮ ಹಳೇ ಪೆನ್ನು.

ನಿಬ್ಬು ಮುಚ್ಚಿಕೊಂಡು ತುದಿ ಮಾತ್ರ ಇಣುಕುವ ಪೆನ್ನು ಸಿಕ್ಕಿದರೆ ತಕ್ಷಣ "ಪಾರ್ಕರ್ 51!" ಅಂದುಕೊಳ್ಳಬೇಡಿ. ಶಾಂಘಾಯಿಯ ಹೀರೋ ಕಂಪನಿಯ 616 ಕೂಡ ನೋಡಲು ಹಾಗೇ ಇದೆ. ನಮ್ಮಲ್ಲಿ ಎಷ್ಟೋ ಜನ ಪರೀಕ್ಷೆ ಬರೆದದ್ದು ಹೀರೋ ಪೆನ್ನಿನಲ್ಲೇ. ಹೀರೋ ಒಳ್ಳೆಯ ಪೆನ್ನು, ಅದನ್ನು ಹೀರೋ ಅಂತಲೇ ತೊಳೆದು ಬರೆಯಿರಿ. ಆದರೆ 51ರ ಬೆಲೆ ಕೊಟ್ಟು ಅದನ್ನು ತರಬೇಡಿ. ಇನ್ನೊಂದು ಗೊಂದಲ ಪಾರ್ಕರ್ 21. ಇದು ಅದೇ ಕಂಪನಿ 1948ರಲ್ಲಿ ತಂದ ಅಗ್ಗದ ತಮ್ಮ. ಇದರ ಪ್ಲಾಸ್ಟಿಕ್ಕು 51ರಷ್ಟು ಗಟ್ಟಿಯಲ್ಲ, ನಿಬ್ಬಿನ ಮೇಲಿನ ಹೊದಿಕೆ ಬಿರುಕು ಬಿಡುವುದು ಇದರ ಹಳೇ ಕಾಯಿಲೆ. ಬಿರುಕಿಲ್ಲದ 21 ಮನೆಯಲ್ಲಿದ್ದರೆ ಧಾರಾಳವಾಗಿ ಬಳಸಿ. ಹುಡುಕಿಕೊಂಡು ಹೋಗಿ ಕೊಳ್ಳಬೇಕಾದ್ದಲ್ಲ.

ಪಾರ್ಕರ್ 51: ಒಂದೇ ಹೆಸರು, ಎರಡು ಪೆನ್ನು

ಅಮೆರಿಕದಲ್ಲಿ 1941ರಲ್ಲಿ ಮಾರುಕಟ್ಟೆಗೆ ಬಂದ ಪೆನ್ನು ಇದು. ಇಂಗ್ಲೆಂಡಿನ ನ್ಯೂಹೇವನ್‌ನಲ್ಲೂ ತಯಾರಾಯಿತು. ಮೈ ಲೂಸೈಟ್ ಅನ್ನುವ ಅಕ್ರಿಲಿಕ್ಕು. ಸೆಲ್ಯುಲಾಯ್ಡ್ ಅನ್ನುವ ಹಳೇ ಪ್ಲಾಸ್ಟಿಕ್ಕಿನ ಹಾಗೆ ಕುಗ್ಗುವುದಿಲ್ಲ, ನೀರಿಗೆ ಹೆದರುವುದಿಲ್ಲ. ಬೇಗ ಒಣಗುವ ಇಂಕು ನಿಬ್ಬಿನ ಮೇಲೇ ಒಣಗಬಾರದು ಅಂತ ನಿಬ್ಬನ್ನು ಮುಚ್ಚಿದರು. ಆ ಹೊದಿಕೆಯೊಳಗೆ ತೆಳ್ಳನೆಯ ಪದರ ಪದರವಾಗಿ ಕೆತ್ತಿದ ಕಲೆಕ್ಟರ್ ಇದೆ. ಜಾಸ್ತಿಯಾದ ಇಂಕು ಆ ಪದರಗಳಲ್ಲಿ ನಿಲ್ಲುತ್ತದೆ, ಹಾಗಾಗಿ ತೊಟ್ಟಿಕ್ಕುವುದು ಕಡಿಮೆ.

1948ರವರೆಗೆ ಬಂದದ್ದು ವ್ಯಾಕ್ಯುಮ್ಯಾಟಿಕ್. ಹಿಂದಿನ ಮುಚ್ಚಳ ಬಿಚ್ಚಿ ಗುಂಡಿ ಒತ್ತಿ ಬಿಟ್ಟು ಮಾಡಿದರೆ ಒಳಗಿನ ರಬ್ಬರ್ ಪೊರೆ ಎಳೆದು ಇಂಕು ತುಂಬುತ್ತದೆ. ಬ್ಯಾರೆಲ್ಲೇ ಇಂಕಿನ ತೊಟ್ಟಿ, ಆದ್ದರಿಂದ ತುಂಬಾ ಇಂಕು ಹಿಡಿಯುತ್ತದೆ. ಆದರೆ ಆ ಪೊರೆ ರಬ್ಬರಿನದು, ಇಷ್ಟು ವರ್ಷ ತಡೆದಿರುವುದಿಲ್ಲ. ಬದಲಿಸಲು ಹಿಂದಿನ ಫಿಲ್ಲರ್ ಘಟಕವನ್ನು ಬಿಚ್ಚಬೇಕು, ಅದಕ್ಕೆ ವಿಶೇಷ ಹಿಡಿಕೆ ಬೇಕು. ಇಕ್ಕಳ ಹಾಕಿದರೆ ಆ ಘಟಕದ ತಿರುಪಿನ ಎಳೆಗಳೇ ಹಾಳು. ಪೊರೆಯನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ಮಡಚಿ ಕೂರಿಸುವುದು ಕೈಪಳಗಿದವರ ಕೆಲಸ.

1948ರಿಂದ ಬಂದದ್ದು ಏರೋಮೆಟ್ರಿಕ್, ಅಂದರೆ ಮೇಲೆ ಹೇಳಿದ ಒತ್ತಿ ತುಂಬುವ ಪೆನ್ನು. ಬ್ಯಾರೆಲ್ಲು ಬಿಚ್ಚಿದರೆ ಲೋಹದ ಗೂಡು, ಅದರ ಮೇಲೆ ಹೇಗೆ ತುಂಬಬೇಕು ಅಂತ ಕೆತ್ತಿದ ಅಕ್ಷರ. ಒಳಗಿನ ಟ್ಯೂಬನ್ನು ಲೇಟೆಕ್ಸಿನಿಂದ ಮಾಡಲಿಲ್ಲ, ಪಿವಿಸಿಯಿಂದ ಮಾಡಿದರು. ಆ ಒಂದು ನಿರ್ಧಾರದಿಂದ ಲಕ್ಷಾಂತರ ಪೆನ್ನುಗಳು ಉಳಿದುಕೊಂಡಿವೆ. ಟ್ಯೂಬು ಕಂದು ಬಣ್ಣಕ್ಕೆ ತಿರುಗಿ, ಕಲೆಯಾಗಿ, ನೋಡಲು ಚೆನ್ನಾಗಿಲ್ಲದಿದ್ದರೂ ಕೆಲಸ ಮಾಡುತ್ತದೆ. ಪರೀಕ್ಷೆ ಸುಲಭ. ಮೂತಿಯನ್ನು ನೀರಿನಲ್ಲಿ ಅದ್ದಿ ಪಟ್ಟಿಯನ್ನು ಮೆಲ್ಲಗೆ ಒತ್ತಿ. ಗುಳ್ಳೆ ಬರಬೇಕು. ಬಿಟ್ಟಾಗ ನೀರು ಒಳಗೆ ಹೋಗಬೇಕು.

ಇಂಥ ಪೆನ್ನಿಗೆ ಬಹಳ ಸಲ 'ರಿಪೇರಿ' ಅಂದರೆ ತೊಳೆಯುವುದು ಅಷ್ಟೇ. ಒಂದು ಲೋಟದಲ್ಲಿ ತಣ್ಣೀರು ಇಟ್ಟು ನಿಬ್ಬಿನ ಭಾಗ ಮುಳುಗುವಷ್ಟು ನಿಲ್ಲಿಸಿ. ಸ್ವಲ್ಪ ಹೊತ್ತಿನಲ್ಲಿ ನಿಬ್ಬಿನ ತುದಿಯಿಂದ ನೀಲಿ ದಾರ ಇಳಿದ ಹಾಗೆ ಹಳೇ ಇಂಕು ಕೆಳಗೆ ಜಾರುತ್ತದೆ. ನೀರು ಬದಲಿಸಿ ಮತ್ತೆ ಇಡಿ. ಕಲೆಕ್ಟರಿನ ಪದರಗಳಲ್ಲಿ ಇಂಕು ಕಲ್ಲಿನಂತೆ ಕಟ್ಟಿರುತ್ತದೆ, ನೀರು ತಿಳಿಯಾಗಲು ದಿನಗಳೇ ಬೇಕು. ಅವಸರ ಮಾಡಿ ಹೊದಿಕೆಯನ್ನು ತಿರುಗಿಸಲು ಹೋಗಬೇಡಿ. ಅದನ್ನು ಷೆಲಾಕ್ ಅನ್ನುವ ಅಂಟು ಹಾಕಿ ಕೂರಿಸಿರುತ್ತಾರೆ, ಬಿಸಿ ಮಾಡದೆ ತಿರುಗಿಸಿದರೆ ಬಿರುಕು ಬಿಡುತ್ತದೆ. ಸ್ಪಿರಿಟ್ ಅಂತೂ ಹತ್ತಿರಕ್ಕೂ ತರಬೇಡಿ. ಅಕ್ರಿಲಿಕ್ಕಿನ ಮೈಯಲ್ಲಿ ಕೂದಲೆಳೆಯಂಥ ಸೀಳು ಬರುತ್ತದೆ.

ಒಂದು ಕೊರತೆ ಹೇಳಿಬಿಡಬೇಕು. 51ರಲ್ಲಿ ನಿಬ್ಬು ಬದಲಿಸುವುದು ಸುಲಭವಲ್ಲ. ಸಿಕ್ಕ ನಿಬ್ಬಿನಲ್ಲೇ ಬರೆಯಬೇಕು. ಅಗಲ ನಿಬ್ಬು ಬಂದರೆ ಕನ್ನಡಕ್ಕೆ ಕಷ್ಟ. ಕೊಳ್ಳುವ ಮೊದಲೇ ಬರೆದು ತೋರಿಸಿ ಅಂತ ಕೇಳಿ.

ಎಸ್ಟರ್‌ಬ್ರೂಕ್ ಜೆ: ಕೈ ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ

ಅಮೆರಿಕದ ನ್ಯೂ ಜೆರ್ಸಿಯ ಕ್ಯಾಮ್‌ಡೆನ್‌ನಲ್ಲಿ ಇದ್ದ ಕಂಪನಿ. ಗುಮಾಸ್ತರು, ವಿದ್ಯಾರ್ಥಿಗಳು ಬಳಸಿದ ಸಾಮಾನ್ಯ ಪೆನ್ನು. ಚಿನ್ನದ ನಿಬ್ಬಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಹಾಗಾಗಿ ಇವತ್ತಿಗೂ ಹೆಸರುವಾಸಿ ಪೆನ್ನುಗಳಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಇದರ ದೊಡ್ಡ ಗುಣ ನಿಬ್ಬು. ನಿಬ್ಬು, ಅದರ ಕೆಳಗಿನ ನಾಲಿಗೆ ಎರಡೂ ಸೇರಿ ಒಂದೇ ಘಟಕ. ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಬೇರೆಯದನ್ನು ತಿರುಗಿಸಿ ಹಾಕಬಹುದು. ಪ್ರತಿಯೊಂದಕ್ಕೂ ಸಂಖ್ಯೆ ಇದೆ. 2556 ತೆಳುವಾಗಿ ಬರೆಯುತ್ತದೆ. 9ರಿಂದ ಶುರುವಾಗುವ ಸಂಖ್ಯೆಯವಕ್ಕೆ ತುದಿಯಲ್ಲಿ ಗಟ್ಟಿ ಲೋಹದ ಹರಳಿದೆ, ಬೇಗ ಸವೆಯುವುದಿಲ್ಲ. ಕನ್ನಡಕ್ಕೆ ಒಂದು, ಸಹಿಗೆ ಒಂದು ಅಂತ ಎರಡು ನಿಬ್ಬು ಇಟ್ಟುಕೊಳ್ಳಬಹುದು ಅನ್ನುವುದೇ ನನಗೆ ಇದರಲ್ಲಿ ಬಹಳ ಇಷ್ಟ.

ಇದು ಲಿವರ್ ಪೆನ್ನು. ಈಗ ಮೇಲೆ ಹೇಳಿದ ಎಚ್ಚರಿಕೆಯ ಕಾರಣ. ಲಿವರ್ ಎತ್ತಿದರೆ ಒಳಗಿನ ಲೋಹದ ಪಟ್ಟಿ ಟ್ಯೂಬನ್ನು ಒತ್ತಬೇಕು. ಟ್ಯೂಬು ಕಲ್ಲಾಗಿದ್ದರೆ ಪಟ್ಟಿಗೆ ಜಾಗವಿಲ್ಲ. ಬಲವಾಗಿ ಎತ್ತಿದರೆ ಲಿವರಿನ ಬುಡ ಕಿತ್ತುಬರುತ್ತದೆ, ಇಲ್ಲವೇ ಬ್ಯಾರೆಲ್ಲಿನ ಸೀಳುಕಂಡಿ ಒಡೆಯುತ್ತದೆ. "ಕೆಲಸ ಮಾಡುತ್ತಾ ನೋಡೋಣ" ಅಂತ ಸಂತೆಯಲ್ಲಿ ಎತ್ತಿ ನೋಡಿದವರ ಕೈಯಲ್ಲಿ ಎಷ್ಟೋ ಪೆನ್ನುಗಳು ಹಾಳಾಗಿವೆ.

ಟ್ಯೂಬು ಬದಲಿಸುವ ಕೆಲಸ ಒಂದು ಸಂಜೆಯದು, ಒಣಗಲು ಬಿಡುವ ಹೊತ್ತು ಬೇರೆ. ಬೆರಳಲ್ಲಿ ಹಿಡಿಯುವ ಮುಂಭಾಗವನ್ನು ಹೇರ್ ಡ್ರೈಯರಿನಲ್ಲಿ ಹದವಾಗಿ ಬಿಸಿ ಮಾಡಿ. ಕೈಯಲ್ಲಿ ಹಿಡಿದುಕೊಂಡೇ ಮಾಡಿ, ನಿಮ್ಮ ಬೆರಳಿಗೆ ಸುಡುತ್ತಿದೆ ಅಂದರೆ ಪೆನ್ನಿಗೂ ಜಾಸ್ತಿಯಾಯಿತು ಅಂತ ಅರ್ಥ. ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ಎಳೆಯಿರಿ. ಒಳಗಿಂದ ಹಳೇ ರಬ್ಬರು ಕಪ್ಪು ಚಕ್ಕೆಯಾಗಿ ಉದುರುತ್ತದೆ. ಎಲ್ಲವನ್ನೂ ಕೆರೆದು ತೆಗೆಯಿರಿ, ಒಂದು ಚೂರು ಉಳಿದರೂ ಹೊಸ ಟ್ಯೂಬಿಗೆ ಚುಚ್ಚುತ್ತದೆ. ದೊಡ್ಡ ಅಳತೆಯ ಜೆ ಪೆನ್ನಿಗೆ 16ನೇ ನಂಬರಿನ ಟ್ಯೂಬು ಬೇಕು. ಮುಂಭಾಗದ ಹಿಂದೆ ಚಾಚಿಕೊಂಡಿರುವ ಸಣ್ಣ ಕೊಳವೆಯಂಥ ತುದಿಗೆ ಷೆಲಾಕ್ ಹಚ್ಚಿ ಟ್ಯೂಬು ಏರಿಸಿ, ಒಂದು ದಿನ ಒಣಗಲು ಬಿಡಿ. ಟ್ಯೂಬಿನ ಮೈಗೆ ಶುದ್ಧ ಟಾಲ್ಕ್ ಸವರಿ ಒಳಗೆ ಕೂರಿಸಿ. ಸೂಪರ್ ಗ್ಲೂ ಬೇಡವೇ ಬೇಡ. ಷೆಲಾಕ್ ಅರಗಿನಿಂದ ಬರುವುದು, ಬಿಸಿಗೆ ಬಿಟ್ಟುಕೊಡುತ್ತದೆ. ಮುಂದೆ ಇನ್ನೊಬ್ಬರು ಈ ಪೆನ್ನು ಬಿಚ್ಚಬೇಕಾದಾಗ ಅವರಿಗೂ ದಾರಿ ಇರುತ್ತದೆ.

ಇಂಗ್ಲೆಂಡಿನ ಕಾನ್ವೇ ಸ್ಟೀವರ್ಟ್‌ನಂಥ ಲಿವರ್ ಪೆನ್ನುಗಳಿಗೂ ಕ್ರಮ ಹೀಗೇ, ಆದರೆ ಒಂದು ವ್ಯತ್ಯಾಸ ಇದೆ. ಅವುಗಳಲ್ಲಿ ಹಲವು ಕೇಸೀನ್‌ನವು, ಅಂದರೆ ಹಾಲಿನ ಪ್ರೋಟೀನಿನಿಂದ ಮಾಡಿದ ಪ್ಲಾಸ್ಟಿಕ್ಕು. ಬಣ್ಣ ಬಹಳ ಚಂದ. ನೀರಿನಲ್ಲಿ ನೆನೆಹಾಕಿದರೆ ಉಬ್ಬಿ ಸೊಟ್ಟಗಾಗುತ್ತದೆ. ಯಾವ ವಸ್ತು ಅಂತ ಗೊತ್ತಿಲ್ಲದ ಬಣ್ಣದ ಪೆನ್ನನ್ನು ಇಡಿಯಾಗಿ ನೀರಿಗೆ ಹಾಕಬಾರದು ಅನ್ನುವುದು ಇದಕ್ಕೇ.

ಶೇಫರ್ ಸ್ನಾರ್ಕಲ್, ಪೆಲಿಕನ್ 400

ಸ್ನಾರ್ಕಲ್ 1952ರಲ್ಲಿ ಬಂದದ್ದು. ಹಿಂದಿನ ತುದಿ ತಿರುಗಿಸಿದರೆ ನಿಬ್ಬಿನ ಕೆಳಗಿನಿಂದ ಸೂಜಿಯಂಥ ಕೊಳವೆ ಹೊರಗೆ ಬರುತ್ತದೆ. ಇಂಕಿನಲ್ಲಿ ಅದ್ದುವುದು ಆ ಕೊಳವೆಯನ್ನು ಮಾತ್ರ. ಹಿಂದಿನ ಕೊಳವೆಯನ್ನು ಎಳೆದು ಒಮ್ಮೆ ಒಳಗೆ ಒತ್ತಿದರೆ ಗಾಳಿಯ ಒತ್ತಡಕ್ಕೆ ಟ್ಯೂಬು ಮುದುಡಿ, ಕೊನೆಯಲ್ಲಿ ಒತ್ತಡ ಬಿಟ್ಟಾಗ ಅರಳಿ ಇಂಕು ಹೀರುತ್ತದೆ. ನಿಬ್ಬು ಒರೆಸುವ ಕೆಲಸವೇ ಇಲ್ಲ. ಇಷ್ಟು ಚಾತುರ್ಯದ ಇನ್ನೊಂದು ಪೆನ್ನು ನಾನು ಕಂಡಿಲ್ಲ. ಆದರೆ ಚಾತುರ್ಯಕ್ಕೆ ಬೆಲೆ ಇದೆ. ಒಳಗೆ ಟ್ಯೂಬು, ಒಂದು ರಬ್ಬರ್ ಉಂಗುರ, ನಿಬ್ಬಿನ ಕಡೆ ಒಂದು ಗ್ಯಾಸ್ಕೆಟ್ಟು, ಒಂದು ಸ್ಪ್ರಿಂಗು. ಮೂರೂ ರಬ್ಬರಿನ ಭಾಗ ಬದಲಿಸಲೇಬೇಕು, ಒಂದು ಬಿಟ್ಟರೂ ಗಾಳಿ ಸೋರಿ ಇಂಕು ತುಂಬುವುದಿಲ್ಲ. ಇದರ ಅಣ್ಣ 1949ರ ಟಚ್‌ಡೌನ್‌ನಲ್ಲಿ ಆ ಸೂಜಿ ಕೊಳವೆ ಇಲ್ಲ, ಅದು ಎಷ್ಟೋ ಸರಳ. ಶೇಫರ್ ನಿಬ್ಬಿನ ಮೇಲೆ ಮನಸ್ಸಿದ್ದು, ರಿಪೇರಿ ಹೊಸತಾಗಿ ಕಲಿಯುತ್ತಿರುವವರು ಟಚ್‌ಡೌನ್ ಹುಡುಕಿ. ಸ್ನಾರ್ಕಲ್ ಬೇಕೇ ಬೇಕು ಅಂದರೆ ರಿಪೇರಿ ಮುಗಿದದ್ದನ್ನೇ ಕೊಳ್ಳಿ. ಸ್ವಲ್ಪ ಹೆಚ್ಚು ಕೊಟ್ಟರೂ ಒಟ್ಟಿನಲ್ಲಿ ಉಳಿತಾಯವೇ.

ಜರ್ಮನಿಯ ಪೆಲಿಕನ್ 400 ಬಂದದ್ದು 1950ರಲ್ಲಿ. ಪಟ್ಟೆ ಪಟ್ಟೆಯ ಮೈ, ಹಕ್ಕಿಯ ಕೊಕ್ಕಿನ ಆಕಾರದ ಕ್ಲಿಪ್ಪು, ದೂರದಿಂದಲೇ ಗುರುತು ಸಿಗುತ್ತದೆ. ಹಿಂದಿನ ತುದಿ ತಿರುಗಿಸಿದರೆ ಪಿಸ್ಟನ್ ಓಡುತ್ತದೆ. ಕಂಪನಿಯ ಮೊದಲ ಪೆನ್ನುಗಳಲ್ಲಿ ಪಿಸ್ಟನ್ನಿನ ತುದಿಗೆ ಬಿರಡೆ ಮರದ ಕಾರ್ಕ್ ಇತ್ತು, ಅದು ಒಣಗಿ ಕುಗ್ಗುತ್ತಿತ್ತು. 400ರಲ್ಲಿ ಪ್ಲಾಸ್ಟಿಕ್ಕಿನದು, ಎಷ್ಟೋ ಪೆನ್ನುಗಳಲ್ಲಿ ಇವತ್ತಿಗೂ ಹಾಗೇ ನಡೆಯುತ್ತಿದೆ. ನಿಬ್ಬು ತಿರುಗಿಸಿ ಬಿಚ್ಚಬಹುದು, ಚಿನ್ನದ್ದು, ಮೆದು. ಒತ್ತಿದರೆ ಗೆರೆ ಅಗಲವಾಗುತ್ತದೆ. ಬಾಲ್ ಪೆನ್ನಿನ ಹಾಗೆ ಒತ್ತಿ ಬರೆಯುವ ಅಭ್ಯಾಸ ಇದ್ದವರಿಗೆ ಈ ನಿಬ್ಬು ಹೊಂದುವುದಿಲ್ಲ. ಪಿಸ್ಟನ್ ಬಿಗಿಯಾಗಿದ್ದರೆ ಬಲವಂತ ಮಾಡದೆ ಮುಂದಿನಿಂದ ನೀರು ಹನಿಸಿ ಬಿಡಿ, ಸಡಿಲವಾಗುತ್ತದೆ. ನಾನು ಇಲ್ಲಿ ಹೆಸರಿಸಿದವುಗಳಲ್ಲಿ ಸಾಮಾನ್ಯವಾಗಿ ದುಬಾರಿ ಇದೇ. ಬಿಚ್ಚಿ ಕಲಿಯಲು ಇದು ಬೇಡ.

ನಮ್ಮ ಎಬೊನೈಟ್ ಪೆನ್ನು

ಮನೆಯ ಬೀರುಗಳಲ್ಲಿ ಹೆಚ್ಚಾಗಿ ಸಿಗುವುದು ಫಿಲ್ಲರಿನಲ್ಲಿ ಇಂಕು ಹಾಕುವ ಈ ಪೆನ್ನು. ಆದರೂ "ಇದೇನು ಲೋಕಲ್" ಅಂತ ಪಕ್ಕಕ್ಕೆ ಹೋಗುವುದೂ ಇದೇ. ಹಾಗೆ ಮಾಡಬೇಡಿ. ದಕ್ಷಿಣ ಭಾರತದಲ್ಲಿ ಕೈಯಲ್ಲಿ ಕಡೆದು ಪೆನ್ನು ಮಾಡುವ ದೊಡ್ಡ ಪರಂಪರೆ ಇದೆ. ರಾಜಮಂಡ್ರಿಯ ಕೆ.ವಿ. ರತ್ನಂ ಸ್ವದೇಶಿ ಪೆನ್ನು ಮಾಡಿ ಗಾಂಧೀಜಿಗೆ ಕಳಿಸಿದ್ದರು, ಅದನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಅವರಿಗೆ ಕಾಗದ ಬರೆದರು. ಹೈದರಾಬಾದಿನ ಡೆಕ್ಕನ್, ಚೆನ್ನೈನ ಗಾಮಾ, ಇವೂ ಅದೇ ಸಾಲಿನವು.

ಎಬೊನೈಟ್ ಅಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು. ಬಟ್ಟೆಯಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತದೆ. ಸೆಲ್ಯುಲಾಯ್ಡ್ ಆದರೆ ಕರ್ಪೂರದ ವಾಸನೆ. ಬಿಸಿಲು, ತೇವ ತಾಗಿದರೆ ಕಪ್ಪು ಎಬೊನೈಟ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾಪು ತೆಗೆದು ನೋಡಿ, ಕ್ಯಾಪಿನ ಅಡಿಯಲ್ಲಿ ಮುಚ್ಚಿದ್ದ ಭಾಗ ಇನ್ನೂ ಕಡುಕಪ್ಪು, ಉಳಿದದ್ದು ಹುರಿಗಡಲೆ ಬಣ್ಣ. ಆ ಗೆರೆ ಕಂಡರೆ ಮೊದಲಿನ ಬಣ್ಣ ಯಾವುದು ಅಂತ ಗೊತ್ತಾಯಿತು. ಈ ಪೆನ್ನನ್ನು ರಾತ್ರಿಯಿಡೀ ನೀರಿನಲ್ಲಿ ಇಡಬೇಡಿ, ಬಣ್ಣ ಇನ್ನೂ ಹೋಗುತ್ತದೆ. ನಿಬ್ಬು ಮತ್ತು ನಾಲಿಗೆ ಮಾತ್ರ ಬಿಡಿಸಿಕೊಂಡು ತೊಳೆಯಿರಿ.

ಇದರಲ್ಲಿ ಒಣಗಿ ಹೋಗುವ ಟ್ಯೂಬು ಇಲ್ಲ, ಪೊರೆ ಇಲ್ಲ. ಲೀಕ್ ಆಗುವುದು ಎಳೆಗಳ ಕಡೆಯಿಂದ. ಶುದ್ಧ ಸಿಲಿಕೋನ್ ಗ್ರೀಸನ್ನು ಎಳೆಗೆ ತೆಳುವಾಗಿ ಹಚ್ಚಿ. ವ್ಯಾಸಲೀನ್ ಬೇಡ, ಅದು ರಬ್ಬರನ್ನು ತಿನ್ನುತ್ತದೆ. ನಿಬ್ಬಿಗೂ ನಾಲಿಗೆಗೂ ನಡುವೆ ಸಂದು ಬಿದ್ದು ಇಂಕು ಬಾರದಿದ್ದರೆ, ನಾಲಿಗೆ ಎಬೊನೈಟಿನದೇ ಅಂತ ಖಚಿತ ಮಾಡಿಕೊಂಡು, ಅವೆರಡನ್ನೂ ಕುದಿಯುವಷ್ಟು ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ನಿಬ್ಬಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು ತಣ್ಣಗಾಗಲು ಬಿಡಿ. ನಾಲಿಗೆ ನಿಬ್ಬಿಗೆ ಅಂಟಿಕೊಂಡಂತೆ ಕೂರುತ್ತದೆ. ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಒಂದು ತೊಂದರೆ ಮಾತ್ರ ಈ ಜಾತಿಗೆ ಹುಟ್ಟಿನಿಂದ ಬಂದದ್ದು. ಇಂಕು ಮುಕ್ಕಾಲು ಪಾಲು ಖಾಲಿಯಾದಾಗ ಒಳಗೆ ಗಾಳಿ ಜಾಸ್ತಿ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ನಿಬ್ಬಿನಿಂದ ಒಂದು ಹನಿ ತಳ್ಳುತ್ತದೆ. ಕಾಲು ಭಾಗ ಉಳಿದಾಗಲೇ ತುಂಬಿಸಿಕೊಳ್ಳಿ. ಬಸ್ಸಿನಲ್ಲಿ ಓಡಾಡುವವರು, ಬಿಳಿ ಅಂಗಿ ಹಾಕುವವರು ಇದನ್ನು ಮೇಜಿನ ಪೆನ್ನು ಮಾಡಿಕೊಳ್ಳುವುದೇ ವಾಸಿ.

ಉಜ್ಜಿ ಹೊಳೆಸಬೇಕಾ?

ಇದೊಂದರಲ್ಲಿ ನನ್ನ ಮಾತು ಗಟ್ಟಿ: ಬರೆಯುವ ಹಾಗೆ ಮಾಡಿ, ಹೊಸದರ ಹಾಗೆ ಮಾಡಬೇಡಿ. ಉಜ್ಜಿದ್ದು ವಾಪಸ್ ಬರುವುದಿಲ್ಲ. ಬ್ಯಾರೆಲ್ಲಿನ ಮೇಲೆ ಕಂಪನಿಯ ಹೆಸರು, ಪಾರ್ಕರ್ ಆದರೆ ವರ್ಷ ಹೇಳುವ ಅಂಕಿ ಮತ್ತು ಚುಕ್ಕೆ ಇರಬಹುದು. ಪೆನ್ನಿನ ವಯಸ್ಸು ಹೇಳುವ ಸಾಕ್ಷಿ ಅದು, ಪಾಲಿಶ್ ಪೇಪರಿಗೆ ಮೊದಲು ಹೋಗುವುದೂ ಅದೇ. 51ರ ಸ್ಟೀಲ್ ಕ್ಯಾಪಿನ ಮಂದ ಹೊಳಪು ಬೇಕೆಂತಲೇ ಕೊಟ್ಟದ್ದು. ಅದನ್ನು ಫಳಫಳ ಮಾಡಿದರೆ ಪೆನ್ನಿನ ಮುಖವೇ ಹೋಯಿತು. ಚಿನ್ನದ ಕ್ಯಾಪು ಅಂದುಕೊಂಡದ್ದು ಬಹಳ ಸಲ ಚಿನ್ನದ ತೆಳು ಹೊದಿಕೆ, ತಿಕ್ಕಿದರೆ ಕೆಳಗಿನ ಲೋಹ ಕಾಣುತ್ತದೆ. ತಾತನ ಹೆಸರು ಕೆತ್ತಿಸಿದ್ದರೆ ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಕಡಿಮೆ. ಮನೆಯವರಿಗೆ ಅದಕ್ಕಿಂತ ಬೆಲೆಬಾಳುವುದು ಇನ್ನೇನಿದೆ?

ಯಾರಿಗೆ ಯಾವುದು

ತೊಳೆದು, ಇಂಕು ತುಂಬಿ, ದಿನಾ ಆಫೀಸಿಗೆ ಒಯ್ಯಬೇಕು ಅನ್ನುವವರಿಗೆ ಏರೋಮೆಟ್ರಿಕ್ 51. ಒಮ್ಮೆ ದುಡ್ಡು ಹಾಕಿದರೆ ಮುಗಿಯಿತು. ಕೈಯಾರೆ ರಿಪೇರಿ ಮಾಡಿ ಕಲಿಯುವ ಆಸೆ ಇದ್ದರೆ ಎಸ್ಟರ್‌ಬ್ರೂಕ್ ಜೆ. ಟ್ಯೂಬು, ಷೆಲಾಕ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಸಾಕು. ದುಡ್ಡು ಕಡಿಮೆ ಇದೆ, ಆದರೆ ಹಳೇ ಪೆನ್ನಿನ ಬರವಣಿಗೆ ಬೇಕು ಅನ್ನುವ ವಿದ್ಯಾರ್ಥಿಗಳು ಎಬೊನೈಟ್ ಪೆನ್ನು ಅಥವಾ ಹೀರೋ ಹುಡುಕಲಿ. ಬರಹಕ್ಕೆ ಲಯ ಬೇಕು, ನಿಧಾನ ಬರೆಯುತ್ತೇನೆ, ಖರ್ಚಿಗೆ ಹಿಂಜರಿಕೆ ಇಲ್ಲ ಅಂದರೆ ಪೆಲಿಕನ್. ವ್ಯಾಕ್ಯುಮ್ಯಾಟಿಕ್ ಮತ್ತು ಸ್ನಾರ್ಕಲ್ ಎರಡನೆಯ ಪೆನ್ನಾಗಲಿ, ಮೊದಲನೆಯದು ಬೇಡ.

ಮನೆಯಲ್ಲಿ ಸಿಕ್ಕಿದ ಪೆನ್ನು ಈ ಎರಡರಲ್ಲಿ ಒಂದಾಗಿದ್ದರೆ ರಿಪೇರಿಯವರಿಗೆ ಕೊಡಿ. ಕೊಡುವ ಮೊದಲು ಮೂರು ಮಾತು ಕೇಳಿ: ಈ ಮಾದರಿಯ ಭಾಗ ನಿಮ್ಮ ಹತ್ತಿರ ಇದೆಯಾ, ಅಂಟಿಸಲು ಏನು ಬಳಸುತ್ತೀರಿ, ನಾನು ಹೇಳದೆ ಪಾಲಿಶ್ ಮಾಡುವುದಿಲ್ಲ ತಾನೇ? ಉತ್ತರ ಹಾರಿಕೆಯಾಗಿದ್ದರೆ ಪೆನ್ನು ವಾಪಸ್ ತನ್ನಿ. ಇಷ್ಟು ವರ್ಷ ಕಾದ ಪೆನ್ನು ಇನ್ನೂ ಕೆಲವು ತಿಂಗಳು ಕಾಯುತ್ತದೆ.

ಇಂಕು ಯಾವುದಾದರೂ ಸರಿ, ಇಂಕ್ ಪೆನ್ನಿನದೇ ಆಗಿರಲಿ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕಿನಲ್ಲಿ ಅಂಟು ಇರುತ್ತದೆ, ಒಳಗೇ ಗಟ್ಟಿಯಾಗುತ್ತದೆ. ಹಳೇ ಪೆನ್ನಿಗೆ ಸುಲಭವಾಗಿ ತೊಳೆದುಹೋಗುವ ರಾಯಲ್ ಬ್ಲೂ ಒಳ್ಳೆಯದು. ಮಿನುಗುಪುಡಿ ಇರುವ ಇಂಕು ಬೇಡ.

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನ ಭಾನುವಾರದ ಸಂತೆಯಲ್ಲಿ ಕೊಳ್ಳುವುದಾದರೆ ಭೂತಗನ್ನಡಿ ಜೇಬಿನಲ್ಲಿರಲಿ. ನಿಬ್ಬಿನ ಸೀಳಿನ ಎರಡೂ ಬದಿ ಒಂದೇ ಮಟ್ಟದಲ್ಲಿವೆಯಾ, ತುದಿಯ ಹರಳು ಎರಡೂ ಕಡೆ ಉಳಿದಿದೆಯಾ, ಕ್ಯಾಪಿನ ಅಂಚಿನಲ್ಲಿ ಕೂದಲೆಳೆ ಬಿರುಕು ಇದೆಯಾ ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮಾರುವವರಿಂದ ನಾಲ್ಕು ಫೋಟೊ ಕೇಳಿ ತರಿಸಿಕೊಳ್ಳಿ: ನಿಬ್ಬಿನ ತುದಿ ಹತ್ತಿರದಿಂದ, ಕ್ಯಾಪಿನ ಅಂಚು ಸುತ್ತಲೂ, ಬ್ಯಾರೆಲ್ಲಿನ ಅಕ್ಷರ ಓರೆ ಬೆಳಕಿನಲ್ಲಿ, ಬ್ಯಾರೆಲ್ಲು ಬಿಚ್ಚಿದ ಒಳಭಾಗ. 'ರಿಪೇರಿ ಆಗಿದೆ' ಅಂತ ಬರೆದಿದ್ದರೆ ಏನು ಬದಲಿಸಿದ್ದೀರಿ ಅಂತ ಕೇಳಿ. ಯಾವ ಭಾಗ ಅಂತ ಹೆಸರು ಹಿಡಿದು ಹೇಳಿದರೆ ಆ ಬೆಲೆ ಕೊಡಿ. "ತೊಳೆದು ಪರೀಕ್ಷಿಸಿದ್ದೇವೆ" ಅಂತಷ್ಟೇ ಬಂದರೆ, ಅದು ರಿಪೇರಿಯಾಗದ ಪೆನ್ನು ಅಂತಲೇ ಲೆಕ್ಕ ಹಿಡಿದು ಚೌಕಾಸಿ ಮಾಡಿ.